ವಾಪಸ್ ಬರುವ ದಿನ ಗೊತ್ತಿಲ್ಲದ ಟಿಕೆಟ್: ಕಲಬುರಗಿಯ ಒಂದು ಪ್ರಕರಣ

ಕಲಬುರಗಿಯಲ್ಲಿ ಹೊರದೇಶಕ್ಕೆ ಓದಲು ಹೊರಟವರ ಕಾಗದಪತ್ರ ನೋಡಿಕೊಡುವುದು ನನ್ನ ಸಂಜೆಯ ಕೆಲಸ. ಸಂಬಳವಿಲ್ಲ, ಚಹಾ ಸಿಗುತ್ತದೆ. ಬರುವವರಲ್ಲಿ ಹೆಚ್ಚಿನವರು ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗ ಹುಡುಗಿಯರು. ಇಲ್ಲಿ ಹೇಳುತ್ತಿರುವುದು ನಲವತ್ತು ದಾಟಿದ ಒಬ್ಬ ಶಿಕ್ಷಕಿಯ ವಿಷಯ. ಹೆಸರು, ಶಾಲೆ, ವಿಶ್ವವಿದ್ಯಾಲಯ, ವಿಮಾನ ಕಂಪನಿ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹಣದ ಮೊತ್ತಗಳನ್ನು ಹತ್ತಿರದ ಸಾವಿರಕ್ಕೆ ತಂದಿದ್ದೇನೆ. ಅವರನ್ನು ಸುಮ್ನೆ ಟೀಚರ್ ಎಂದು ಕರೆಯೋಣ.

ಹಿನ್ನೆಲೆ

ಟೀಚರ್‌ಗೆ ಬ್ರಿಟನ್‌ನಲ್ಲಿ ಒಂದು ವರ್ಷದ ಮಾಸ್ಟರ್ಸ್ ಸೀಟು ಸಿಕ್ಕಿತ್ತು. 2024ರ ಸೆಪ್ಟೆಂಬರ್ ಕೊನೆಗೆ ಕ್ಲಾಸು ಶುರು. ಶಾಲೆಯಿಂದ ಸಂಬಳವಿಲ್ಲದ ರಜೆ. ಮನೆಯಲ್ಲಿ ಗಂಡ, ಸೆಕೆಂಡ್ ಪಿಯು ಓದುವ ಮಗಳು. ಆಳಂದ ಕಡೆಯ ಹಳ್ಳಿಯಲ್ಲಿ ಎಪ್ಪತ್ತು ದಾಟಿದ ಅವ್ವ. ಫೀಜಿಗೆ ಬ್ಯಾಂಕ್ ಸಾಲ ಮತ್ತು ಪಿಎಫ್ ಹಣ. ವಯಸ್ಸಾದವರಿಗೆ ವಿದ್ಯಾರ್ಥಿವೇತನದ ಬಾಗಿಲು ಕಿರಿದು. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ 35ರ ಮಿತಿ ಇದೆ. ಬ್ರಿಟನ್ ಸರ್ಕಾರವೇ ಕೊಡುವ ಚೀವನಿಂಗ್ ವಿದ್ಯಾರ್ಥಿವೇತನಕ್ಕೆ ವಯಸ್ಸಿನ ಮಿತಿ ಇಲ್ಲ, ವಿಮಾನದ ಖರ್ಚೂ ಕೊಡುತ್ತಾರೆ. ಆದರೆ ಇವರು ಅರ್ಜಿ ಹಾಕುವ ಹೊತ್ತಿಗೆ ಆ ವರ್ಷದ ಅವಧಿ ಮುಗಿದಿತ್ತು. ಹಾಗಾಗಿ ಟಿಕೆಟ್ ಖರ್ಚು ಪೂರ್ತಿ ಕೈಯಿಂದಲೇ.

2024ರ ಜನವರಿಯಿಂದ ಬ್ರಿಟನ್ ಒಂದು ನಿಯಮ ತಂದಿದೆ. ಕ್ಲಾಸ್‌ರೂಮ್ ಪಾಠದ ಮಾಸ್ಟರ್ಸ್ ಮಾಡುವವರು ಗಂಡ, ಹೆಂಡತಿ, ಮಕ್ಕಳನ್ನು ಅವಲಂಬಿತರ ವೀಸಾದಲ್ಲಿ ಕರೆದೊಯ್ಯುವಂತಿಲ್ಲ. ಅಂದರೆ ಟೀಚರ್ ಒಬ್ಬರೇ ಹೋಗಬೇಕು, ಮನೆ ಇಲ್ಲೇ ಉಳಿಯುತ್ತದೆ. ಟಿಕೆಟ್ ಮಾತಾಡುವಾಗ ನಾವು ಇದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಸಮಸ್ಯೆ ಎಲ್ಲಿತ್ತು

ಹೋಗುವ ದಿನದಲ್ಲಿ ಗೊಂದಲ ಕಡಿಮೆ. ಆರು ತಿಂಗಳಿಗಿಂತ ಉದ್ದದ ಕೋರ್ಸಾದರೆ, ಶುರುವಾಗುವ ಒಂದು ತಿಂಗಳಿಗಿಂತ ಮುಂಚೆ ಆ ದೇಶಕ್ಕೆ ಕಾಲಿಡುವಂತಿಲ್ಲ. ಹೈದರಾಬಾದ್‌ನಲ್ಲಿ ಬೆರಳಚ್ಚು ಕೊಟ್ಟು ಬಂದರು, ಜುಲೈ ಕೊನೆಗೆ ವೀಸಾ ಬಂತು. ಸೆಪ್ಟೆಂಬರ್ 12ಕ್ಕೆ ಹೊರಡುವುದು ಎಂದು ಮನೆಯಲ್ಲಿ ನಿಶ್ಚಯವಾಯಿತು.

ವಾಪಸ್ ಬರುವ ದಿನವೇ ಕಗ್ಗಂಟು. ಪ್ರಬಂಧ ಕೊಡಬೇಕಾದದ್ದು 2025ರ ಸೆಪ್ಟೆಂಬರ್ ಮೊದಲ ವಾರ. ವಿಮಾನ ಕಂಪನಿಗಳು ಸಾಮಾನ್ಯವಾಗಿ ಹನ್ನೊಂದು, ಹನ್ನೆರಡು ತಿಂಗಳ ಆಚೆಗೆ ಟಿಕೆಟ್ ಮಾರುವುದಿಲ್ಲ. ಆಗಸ್ಟ್ ಒಂದರಂದು ಹುಡುಕಿದರೆ ಮುಂದಿನ ಜೂನ್ ಕೊನೆಯವರೆಗೆ ಮಾತ್ರ ದಿನ ಕಾಣುತ್ತಿತ್ತು. ಇನ್ನೊಂದು ಕಡೆ ರಿಟರ್ನ್ ಟಿಕೆಟ್‌ನ ಆಯಸ್ಸು ಹೆಚ್ಚೆಂದರೆ ಒಂದು ವರ್ಷ. ಸೆಪ್ಟೆಂಬರ್ 12ಕ್ಕೆ ಹೋದವರು ಮುಂದಿನ ಸೆಪ್ಟೆಂಬರ್ 12ರ ಒಳಗೆ ಹೊರಡಬೇಕು. ಕೊಳ್ಳುವಾಗಲೇ ಸುಳ್ಳು ದಿನ ಹಾಕಿ, ಆಮೇಲೆ ನಿಜದ ದಿನಕ್ಕೆ ಬದಲಿಸಬೇಕು. ಬೇರೆ ದಾರಿ ಇರಲಿಲ್ಲ.

ಮೊದಲ ತಪ್ಪು ನನ್ನದು

“ಚಿಂತಿ ಮಾಡಬ್ಯಾಡ್ರಿ ಟೀಚರ್, ಸ್ಟೂಡೆಂಟ್ ದರ ಇರ್ತದ” ಎಂದು ನಾನೇ ಹೇಳಿದ್ದೆ. ಹುಡುಗರಿಗೆ ಹೇಳಿ ಹೇಳಿ ಬಾಯಿಗೆ ರೂಢಿಯಾದ ಮಾತು ಅದು. ಹೆಚ್ಚುವರಿ ಲಗೇಜು, ಒಂದು ಸಲ ಪುಕ್ಕಟೆ ದಿನ ಬದಲಾವಣೆ, ಸ್ವಲ್ಪ ರಿಯಾಯಿತಿ. ಹುಡುಗರಿಗೆ ಅದು ನಿಜವಾಗಿಯೂ ಒಳ್ಳೆಯ ಟಿಕೆಟ್.

ಟೀಚರ್ ನನ್ನ ಮಾತು ನಂಬಿ ಊರಿನ ಒಬ್ಬ ಏಜೆಂಟ್ ಬಳಿ ಹೋದರು. ಒನ್ ವೇ ಸ್ಟೂಡೆಂಟ್ ದರ 47 ಸಾವಿರ, 23 ಕೆಜಿಯ ಎರಡು ಬ್ಯಾಗು. ಹತ್ತು ಸಾವಿರ ಮುಂಗಡ ಕೊಟ್ಟು ಬಂದರು. ರಾತ್ರಿ ಊಟವಾದ ಮೇಲೆ ಮಗಳು ಸುಮ್ನೆ ಕಂಪನಿಯ ವೆಬ್‌ಸೈಟ್ ತೆಗೆದು ನೋಡಿದ್ದಾಳೆ. ಸ್ಟೂಡೆಂಟ್ ದರದ ಷರತ್ತಿನಲ್ಲಿ ವಯಸ್ಸು ಬರೆದಿತ್ತು. ಮೂವತ್ತರ ಹತ್ತಿರ ಗೆರೆ. ನಾವು ಆಮೇಲೆ ಬೇರೆ ಬೇರೆ ಕಂಪನಿಗಳದ್ದೂ ನೋಡಿದೆವು. ಹಲವು ಕಡೆ ಅದೇ ಕಥೆ. ಓದುವವರೆಲ್ಲ ಎಳೆಯರು ಎಂದೇ ಅವರ ಲೆಕ್ಕ.

ಮರುದಿನ ಏಜೆಂಟ್ ನಕ್ಕುಬಿಟ್ಟ. “ಮೇಡಂ, ವಯಸ್ಸು ಯಾರ್ ಕೇಳ್ತಾರ್ರಿ? ವೀಸಾದಾಗ ಸ್ಟೂಡೆಂಟ್ ಅಂತ ಇದ್ರ ಮುಗೀತು.”

ಕೇಳದೇ ಇರಬಹುದು. ಆದರೆ ಪಾಸ್‌ಪೋರ್ಟ್‌ನಲ್ಲಿ ಹುಟ್ಟಿದ ದಿನ ಇದ್ದೇ ಇರುತ್ತದೆ. ಕೌಂಟರ್‌ನಲ್ಲಿ ಯಾರಾದರೂ ಕೇಳಿದರೆ ಅಲ್ಲೇ ಪೂರ್ತಿ ದರದ ವ್ಯತ್ಯಾಸ ಕಟ್ಟಬೇಕಾಗಬಹುದು. ಅದೂ ರಾತ್ರಿ ಒಂದು ಗಂಟೆಗೆ, ಹೈದರಾಬಾದ್‌ನ ಶಂಷಾಬಾದ್ ವಿಮಾನ ನಿಲ್ದಾಣದಲ್ಲಿ, ಮನೆಯವರು ಗಾಜಿನ ಆಚೆ ನಿಂತಿರುವಾಗ.

ಐಎಸ್‌ಐಸಿ, ಅಂದರೆ ಅಂತರರಾಷ್ಟ್ರೀಯ ವಿದ್ಯಾರ್ಥಿ ಗುರುತಿನ ಕಾರ್ಡ್ ಮಾಡಿಸಿದರೆ ಆದೀತು ಎಂದು ಯಾರೋ ಸಲಹೆ ಕೊಟ್ಟರು. ಅರ್ಧ ಸರಿ. ಪೂರ್ಣಾವಧಿ ವಿದ್ಯಾರ್ಥಿಯಾದರೆ ಆ ಕಾರ್ಡಿಗೆ ಮೇಲಿನ ವಯಸ್ಸಿನ ಮಿತಿ ಇಲ್ಲ, ಟೀಚರ್‌ಗೂ ಸಿಗುತ್ತದೆ. ಆದರೆ ಕಾರ್ಡ್ ಇದ್ದ ಮಾತ್ರಕ್ಕೆ ವಿಮಾನ ಕಂಪನಿಯ ವಯಸ್ಸಿನ ಷರತ್ತು ಹೋಗುವುದಿಲ್ಲ.

ಅದೃಷ್ಟಕ್ಕೆ ಟಿಕೆಟ್ ಇನ್ನೂ ಇಶ್ಯೂ ಆಗಿರಲಿಲ್ಲ. ಏಜೆಂಟ್ ಕೊಟ್ಟಿದ್ದ ಚೀಟಿಯಲ್ಲಿ ಆರು ಅಕ್ಷರದ ಪಿಎನ್‌ಆರ್ ಮಾತ್ರ ಇತ್ತು. ಅದು ಸೀಟು ಹಿಡಿದಿಟ್ಟ ಗುರುತು, ಅಷ್ಟೆ. ದುಡ್ಡು ಕಟ್ಟಿ ಟಿಕೆಟ್ ತೆಗೆದಿದ್ದರೆ ಹದಿಮೂರು ಅಂಕಿಯ ಇ-ಟಿಕೆಟ್ ನಂಬರ್ ಬರುತ್ತದೆ. “ಟಿಕೆಟ್ ನಂಬರ್ ಹೇಳ್ರಿ” ಎಂದು ಟೀಚರ್ ಕೇಳಿದಾಗ ಆತನ ಬಳಿ ಇರಲಿಲ್ಲ. ಮುಂಗಡದಲ್ಲಿ 8,500 ವಾಪಸ್ ಬಂತು, ಅದೂ ಮೂರು ವಾರ ಅಲೆದ ಮೇಲೆ. 1,500 ಸರ್ವಿಸ್ ಚಾರ್ಜ್ ಎಂದು ಉಳಿಸಿಕೊಂಡ. ಆ 1,500 ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ ಎಂದೆ. ಟೀಚರ್ ಕೇಳಲಿಲ್ಲ.

ಹಾಳೆಯ ಮೇಲಿನ ಲೆಕ್ಕ

ಒಂದು ಭಾನುವಾರ ಟೀಚರ್ ಮನೆಯವರೂ ನಾನೂ ಕೂತು ನೋಟ್‌ಬುಕ್‌ನಲ್ಲಿ ಗೆರೆ ಎಳೆದೆವು. ಒಂದೇ ಕಂಪನಿ, ಹೈದರಾಬಾದ್‌ನಿಂದ ಕೊಲ್ಲಿಯ ಒಂದು ಊರಿನ ಮೇಲೆ ಬ್ರಿಟನ್‌ಗೆ. ಮಾಮೂಲಿ ಒನ್ ವೇ 45 ಸಾವಿರ. ಅತಿ ಅಗ್ಗದ ರಿಟರ್ನ್ 79 ಸಾವಿರ, ಆದರೆ ಪ್ರತಿ ಸಲ ದಿನ ಬದಲಿಸಲು 9 ಸಾವಿರ ಮತ್ತು ದರದ ವ್ಯತ್ಯಾಸ. ಎರಡೂ ಕಡೆ ಫ್ಲೆಕ್ಸ್ ಆದರೆ 94 ಸಾವಿರ. ಅಲ್ಲಿ ಬದಲಾವಣೆಗೆ ದಂಡ ಇಲ್ಲ, ದರದ ವ್ಯತ್ಯಾಸ ಮಾತ್ರ ಕೊಡಬೇಕು.

ಈ ದರದ ವ್ಯತ್ಯಾಸವೇ ಜನ ಎಡವುವ ಜಾಗ. ‘ಉಚಿತ ಬದಲಾವಣೆ’ ಎಂದರೆ ದಂಡ ಇಲ್ಲ ಎಂದಷ್ಟೇ. ನೀವು ಬದಲಿಸುವ ದಿನದಲ್ಲಿ ನಿಮ್ಮ ಅಗ್ಗದ ವರ್ಗದ ಸೀಟು ಖಾಲಿಯಾಗಿದ್ದರೆ, ಮೇಲಿನ ವರ್ಗದ ದರಕ್ಕೂ ನಿಮ್ಮ ದರಕ್ಕೂ ಇರುವ ಅಂತರ ಕಟ್ಟಲೇಬೇಕು. ಬಸ್ ಟಿಕೆಟ್ ಹಾಗೆ ನಾಳೆಗೆ ಹಾಕಿಕೊಡಿ ಎಂದರೆ ಆಗುವುದಿಲ್ಲ.

ಟೀಚರ್‌ನ ಗಂಡನಿಗೆ ಫ್ಲೆಕ್ಸ್ ಬೇಡವಾಗಿತ್ತು. “ಆಗದ ಕೆಲಸಕ್ಕ ಯಾಕ್ ಹದಿನೈದು ಸಾವಿರ?” ಅವರ ವಾದ ತಪ್ಪಲ್ಲ. ಹೋಗುವ ದಿನ ಬದಲಾಗುವ ಸಂಭವ ಬಹಳ ಕಡಿಮೆ, ಅದಕ್ಕೆ ಫ್ಲೆಕ್ಸ್ ವ್ಯರ್ಥವೇ. ಅಷ್ಟರಲ್ಲಿ ಮಗಳು ಇನ್ನೊಂದು ದಾರಿ ಕಂಡುಹಿಡಿದಳು. ಹೋಗುವುದಕ್ಕೆ ಅಗ್ಗದ ದರ, ಬರುವುದಕ್ಕೆ ಮಾತ್ರ ಫ್ಲೆಕ್ಸ್ ಆರಿಸಿದರೆ 86 ಸಾವಿರ. ಅಂದರೆ ಬರೀ ಏಳು ಸಾವಿರ ಹೆಚ್ಚು. ಜೂನ್ 18 ಎಂಬ ಸುಳ್ಳು ದಿನ ಹಾಕುತ್ತಿದ್ದೇವೆ, ಅದನ್ನು ಒಂದು ಸಲವಾದರೂ ಬದಲಿಸುವುದು ಖಚಿತ. ಅಗ್ಗದ ಟಿಕೆಟ್‌ನಲ್ಲಿ ಆ ಒಂದು ಬದಲಾವಣೆಗೇ 9 ಸಾವಿರ. ಖಚಿತವಾಗಿ ಬರುವ ಖರ್ಚನ್ನು ಮೊದಲೇ ಕಡಿಮೆಗೆ ಕಟ್ಟಿದ ಹಾಗೆ ಇದು. ಗಂಡ ಒಪ್ಪಿದರು.

ಇಲ್ಲಿ ಒಂದು ಎಚ್ಚರ ಬೇಕಿತ್ತು. ಎರಡು ಬಗೆಯ ದರ ಬೆರೆಸಿದಾಗ ಕೆಲವು ಕಂಪನಿಗಳು ಇಡೀ ಟಿಕೆಟ್‌ಗೆ ಹೆಚ್ಚು ಬಿಗಿಯಾದ ನಿಯಮ ಹಾಕುತ್ತವೆ. ಟೀಚರ್ ಕಂಪನಿಯ ಚಾಟ್‌ನಲ್ಲಿ ಕೇಳಿದರು. ದಿನ ಬದಲಾವಣೆಗೆ ಆಯಾ ಕಡೆಯ ನಿಯಮ, ರದ್ದು ಮಾಡಿದರೆ ಮಾತ್ರ ಬಿಗಿಯಾದ ನಿಯಮ ಎಂದು ಉತ್ತರ ಬಂತು. ಅದರ ಸ್ಕ್ರೀನ್‌ಶಾಟ್ ಇಟ್ಟುಕೊಂಡರು. ಶಾಲೆಯಲ್ಲಿ ಹಾಜರಿ ಪುಸ್ತಕ ಕಾಪಾಡಿದ ಕೈ, ಇಂಥದ್ದರಲ್ಲಿ ನನಗಿಂತ ಚುರುಕು.

ಕಂಪನಿಯ ಸೈಟಿನಲ್ಲೇ ರಾತ್ರಿ ಕೊಂಡರು. ಬೆಳಿಗ್ಗೆ ನೋಡಿದರೆ ಹೆಸರು ತಪ್ಪು. ನಮ್ಮ ಕಡೆ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ತಮ್ಮ ಹೆಸರು, ತಂದೆ ಹೆಸರು, ಮನೆತನ ಎಲ್ಲವೂ ಒಂದೇ ಸಾಲಿನಲ್ಲಿ. ಇವರು ಸರ್‌ನೇಮ್ ಜಾಗದಲ್ಲಿ ಗಂಡನ ಮನೆತನದ ಹೆಸರು ತುಂಬಿದ್ದರು, ಪಾಸ್‌ಪೋರ್ಟ್‌ನಲ್ಲಿ ಇಲ್ಲದ್ದು. 24 ಗಂಟೆಯ ನಿಯಮ ಕೈ ಹಿಡಿಯಿತು. ವಿಮಾನಯಾನ ಮಹಾನಿರ್ದೇಶನಾಲಯ 2016ರಲ್ಲಿ ತಂದ ನಿಯಮ ಅದು: ಪ್ರಯಾಣಕ್ಕೆ ಏಳು ದಿನ ಅಥವಾ ಹೆಚ್ಚು ಸಮಯ ಇದ್ದರೆ, ಬುಕ್ ಮಾಡಿದ 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಬಹುದಿತ್ತು. ಇವರು ಕೊಂಡ ಕಂಪನಿಯೂ ತನ್ನ ಷರತ್ತಿನಲ್ಲಿ ಅದನ್ನು ಕೊಟ್ಟಿತ್ತು. ರದ್ದು ಮಾಡಿ, ಕಂಪನಿ ಹೇಳಿದಂತೆ ಹೆಸರು ತುಂಬಿ ಹೊಸದಾಗಿ ಕೊಂಡರು. ಏಜೆಂಟ್ ಬಳಿ ಕೊಂಡಿದ್ದರೆ ಇಷ್ಟು ಸಲೀಸಾಗಿ ಆಗುತ್ತಿರಲಿಲ್ಲ.

ಯಾವ ಊರಿಂದ ಹಾರುವುದು

ಕಲಬುರಗಿಗೆ 2019ರ ನವೆಂಬರ್ 22ರಂದು ವಿಮಾನ ನಿಲ್ದಾಣ ಬಂತು. ಟೀಚರ್ ಹೊರಡುವ ಕಾಲಕ್ಕೆ ಇಲ್ಲಿಂದ ಬೆಂಗಳೂರಿಗೆ ವಿಮಾನ ಇತ್ತು. ಮನೆಯಿಂದಲೇ ಹಾರಿದ ಹಾಗೆ, ಮಗಳಿಗೆ ಬಹಳ ಆಸೆ. ಆದರೆ ಅದು ಬೇರೆ ಕಂಪನಿ, ಬೇರೆ ಟಿಕೆಟ್. ಅದು ತಡವಾಗಿ ಬೆಂಗಳೂರಿನ ದೊಡ್ಡ ವಿಮಾನ ತಪ್ಪಿದರೆ ಯಾರೂ ಜವಾಬ್ದಾರರಲ್ಲ. ಮೊದಲ ಹಾರಾಟಕ್ಕೇ ಹತ್ತದಿದ್ದರೆ ರಿಟರ್ನ್ ಟಿಕೆಟ್‌ನ ಉಳಿದ ಭಾಗವನ್ನೂ ಕಂಪನಿ ರದ್ದು ಮಾಡುವುದೇ ವಾಡಿಕೆ. ಆಗ 86 ಸಾವಿರವೂ ಹೋದಂತೆ. 2024ರ ಮಾರ್ಚ್‌ನಲ್ಲಿ ಶುರುವಾದ ವಂದೇ ಭಾರತ್ ಯಲಹಂಕದಲ್ಲಿ ನಿಲ್ಲುತ್ತದೆ, ಅಲ್ಲಿಂದ ಬೆಂಗಳೂರು ವಿಮಾನ ನಿಲ್ದಾಣ ದೂರವಿಲ್ಲ. ಅದು ಒಳ್ಳೆಯ ದಾರಿಯೇ. ಆದರೆ ಟಿಕೆಟ್ ನೋಡಿದ ದಿನ ಬೆಂಗಳೂರಿನ ದರ ಹೈದರಾಬಾದ್‌ಗಿಂತ ನಾಲ್ಕು ಸಾವಿರ ಜಾಸ್ತಿ ಇತ್ತು. ಕೊನೆಗೆ ಹುಮನಾಬಾದ್, ಜಹೀರಾಬಾದ್ ಮೇಲೆ ಕಾರು. ವಿಮಾನ ನಸುಕಿನ ನಾಲ್ಕಕ್ಕೆ ಇದ್ದರೂ ಹಿಂದಿನ ಮಧ್ಯಾಹ್ನವೇ ಹೊರಟರು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ತೂಕದಲ್ಲಿ ಪಾಸಾದವು. ನಾಲ್ಕು ಕೆಜಿ ತೊಗರಿಬೇಳೆ ಕಾರಿನಲ್ಲೇ ವಾಪಸ್ ಬಂತು.

ಫೆಬ್ರವರಿಯ ಫೋನು

2025ರ ಫೆಬ್ರವರಿ ಮೂರನೇ ವಾರ ಅವ್ವ ಅಂಗಳದಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಕಲಬುರಗಿಯಲ್ಲಿ ಆಪರೇಷನ್. ಮಾರ್ಚ್ 1ರಿಂದ ಮಗಳ ಸೆಕೆಂಡ್ ಪಿಯು ಪರೀಕ್ಷೆ. ಗಂಡ ಒಬ್ಬರೇ.

ನನಗೆ ಮೆಸೇಜ್ ಬಂದಾಗ ಇಲ್ಲಿ ರಾತ್ರಿ ಹನ್ನೊಂದು. “ಸರ್, ಯಾವ ಟಿಕೆಟ್ ಬಳಸಲಿ?” ಪ್ರಶ್ನೆ ಕೇಳಿದ ರೀತಿಯೇ ಸರಿಯಾಗಿತ್ತು. ಬರಬೇಕೋ ಬೇಡವೋ ಎಂದು ಅವರು ಕೇಳಲಿಲ್ಲ. ವಿಶ್ವವಿದ್ಯಾಲಯಕ್ಕೆ ಆಗಲೇ ಬರೆದು ಗೈರುಹಾಜರಿಗೆ ಒಪ್ಪಿಗೆ ಕೇಳಿದ್ದರು. ವಿದ್ಯಾರ್ಥಿ ವೀಸಾದವರು ಹೇಳದೆ ಬಿಟ್ಟು ಬಂದರೆ ವೀಸಾಕ್ಕೇ ಕುತ್ತು.

ದಾರಿ ಎರಡು. ಒಂದು, ಕೈಯಲ್ಲಿರುವ ಜೂನ್‌ನ ವಾಪಸ್ ಟಿಕೆಟ್ಟನ್ನೇ ಫೆಬ್ರವರಿ 26ಕ್ಕೆ ತಂದು ಬರುವುದು. ದಂಡ ಇಲ್ಲ, ವ್ಯತ್ಯಾಸ 6 ಸಾವಿರ. ಆಮೇಲೆ ಹೈದರಾಬಾದ್‌ನಿಂದ ಹೊಸ ರಿಟರ್ನ್ ಕೊಳ್ಳುವುದು, 74 ಸಾವಿರ. ಒಟ್ಟು 80. ಎರಡು, ಹಳೆಯದನ್ನು ಮುಟ್ಟದೆ ಬ್ರಿಟನ್‌ನಿಂದಲೇ ರಿಟರ್ನ್ ಕೊಳ್ಳುವುದು. 640 ಪೌಂಡ್, ಸುಮಾರು 70 ಸಾವಿರ. ಹಳೆಯ ಟಿಕೆಟ್ಟನ್ನು ಮುಂದೆ ಸೆಪ್ಟೆಂಬರ್‌ಗೆ ತಳ್ಳುವಾಗ ವ್ಯತ್ಯಾಸ ಐದೋ ಹತ್ತೋ ಸಾವಿರ. ಕಾಗದದ ಮೇಲೆ ಎರಡೂ ಹತ್ತಿರ ಹತ್ತಿರ.

ಗಂಡನಿಗೆ ಎರಡನೆಯದು ಕಡಿಮೆ ಎನಿಸಿತು. ನನಗೂ ಹಾಗೇ ಎನಿಸಿತ್ತು. ಟೀಚರ್ ಮಾತ್ರ ಹಳೆಯ ಟಿಕೆಟ್‌ನ ಆಯಸ್ಸು ನೆನಪಿಟ್ಟಿದ್ದರು. ಸೆಪ್ಟೆಂಬರ್ 12ಕ್ಕೆ ಅದು ಸಾಯುತ್ತದೆ. ಮೂರು ವಾರ ಪಾಠ ತಪ್ಪಿಸಿಕೊಂಡು ಹೋದವರು ಪ್ರಬಂಧಕ್ಕೆ ಹೆಚ್ಚಿನ ಗಡುವು ಕೇಳಬೇಕಾಗಬಹುದು. ಆಗ ಆ ಟಿಕೆಟ್ ಬರೀ ಕಾಗದ. ಮೊದಲ ದಾರಿಯಲ್ಲಾದರೆ ಹೊಸ ರಿಟರ್ನ್‌ನ ಒಂದು ವರ್ಷ ಮಾರ್ಚ್‌ನಿಂದ ಶುರು, ಸೆಪ್ಟೆಂಬರ್ ನಿಶ್ಚಿಂತೆಯಿಂದ ಒಳಗೆ ಬರುತ್ತದೆ. ಜತೆಗೆ ನಿಜದ ದಿನವನ್ನೇ ಹಾಕಬಹುದು. ಮೊದಲ ದಾರಿಯೇ ಆಯಿತು.

ಮಾರ್ಚ್ 22ರವರೆಗೆ ಇದ್ದರು. ಅವ್ವ ವಾಕರ್ ಹಿಡಿದು ಎರಡು ಹೆಜ್ಜೆ ಇಟ್ಟರು. ಪರೀಕ್ಷೆ 20ಕ್ಕೆ ಮುಗಿಯಿತು. “ನನ್ನ ಪರೀಕ್ಷೆಗೆ ಬರ್ಲಿಲ್ಲ, ಅಮ್ಮಮ್ಮನ ಕಾಲಿಗೆ ಬಂದಿ” ಎಂದು ಮಗಳು ಅಣಕಿಸಿದಳಂತೆ. ವಾಪಸ್ ಹೋಗುವಾಗ ಕೌಂಟರ್‌ನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರು. ಬ್ರಿಟನ್‌ನ ಹಳೆಯ ರೆಸಿಡೆನ್ಸ್ ಕಾರ್ಡುಗಳ ಅವಧಿ 2024ರ ಡಿಸೆಂಬರ್ 31ಕ್ಕೆ ಮುಗಿದಿತ್ತು, ಅವುಗಳ ಬದಲಿಗೆ ಆನ್‌ಲೈನ್‌ನಲ್ಲೇ ಇರುವ ಇ-ವೀಸಾ ಬಂದಿತ್ತು. ಟೀಚರ್ ತಮ್ಮ ಇ-ವೀಸಾ ಖಾತೆಗೆ ಪಾಸ್‌ಪೋರ್ಟ್ ಜೋಡಿಸಿದ್ದರಿಂದ ತೊಂದರೆಯಾಗಲಿಲ್ಲ.

ಎರಡನೇ ಟಿಕೆಟ್‌ಗೆ ಫ್ಲೆಕ್ಸ್ ಹಾಕಲಿಲ್ಲ. ಸೆಪ್ಟೆಂಬರ್ 18 ನಿಜದ ದಿನ, ಬದಲಾವಣೆ ಈ ಸಲ ಖಚಿತವಲ್ಲ. ಲೆಕ್ಕ ಸರಿ, ಫಲ ತಪ್ಪು: ಪ್ರಬಂಧಕ್ಕೆ ಎರಡು ವಾರ ಹೆಚ್ಚು ಗಡುವು ಸಿಕ್ಕಿ, 19ಕ್ಕೆ ಕೊಡುವುದು ಎಂದಾಯಿತು. ಒಂಬತ್ತು ಸಾವಿರ ದಂಡಕ್ಕೆ ತಯಾರಾಗಿದ್ದೆವು. ಅಷ್ಟರಲ್ಲಿ ಜುಲೈನಲ್ಲಿ ಕಂಪನಿಯಿಂದಲೇ ಮೇಲ್. ವಿಮಾನದ ಹೊತ್ತು ಬದಲಾಗಿದೆ, ಮಧ್ಯಾಹ್ನದ್ದು ರಾತ್ರಿಗೆ ಹೋಗಿದೆ, ಒಪ್ಪಿಗೆಯ ಬಟನ್ ಒತ್ತಿ. ಟೀಚರ್ ಒತ್ತುವುದರಲ್ಲಿದ್ದರು. ಒತ್ತಬೇಡಿ ಎಂದೆ. ಕಂಪನಿ ತಾನೇ ವೇಳೆಯನ್ನು ಇಷ್ಟು ಬದಲಿಸಿದರೆ, ಒಪ್ಪುವ ಮುಂಚೆ ಫೋನ್ ಮಾಡಿ ಬೇರೆ ದಿನ ಕೇಳಬಹುದು. ಎಷ್ಟೋ ಸಲ ದಂಡ, ವ್ಯತ್ಯಾಸ ಎರಡೂ ಇಲ್ಲದೆ ಕೊಡುತ್ತಾರೆ. ನಲವತ್ತು ನಿಮಿಷ ಫೋನ್ ಹಿಡಿದು 28ಕ್ಕೆ ಪುಕ್ಕಟೆ ಹಾಕಿಸಿಕೊಂಡರು. ಇದು ಬುದ್ಧಿವಂತಿಕೆ ಅಲ್ಲ, ಅದೃಷ್ಟ. ಬಟನ್ ಒತ್ತದೆ ಇದ್ದದ್ದಷ್ಟೇ ನಮ್ಮದು.

ಕೊನೆಗೆ ಕೂಡಿಸಿದಾಗ

86, 6, 74. ಒಟ್ಟು 1,66,000. ಎರಡು ಸಲ ಹೋಗಿ ಬಂದ ಖರ್ಚು. ಮೊದಲಿಗೆ ಅಗ್ಗದ ರಿಟರ್ನ್ ಕೊಂಡಿದ್ದರೆ? 79, ದಂಡ 9, ವ್ಯತ್ಯಾಸ 6, ಹೊಸದು 74. 1,68,000. ಫ್ಲೆಕ್ಸ್‌ನಿಂದ ಉಳಿದದ್ದು ಎರಡೇ ಸಾವಿರ! ಗಂಡ ಈ ಅಂಕಿ ನೋಡಿ ನಕ್ಕರು. “ಇಷ್ಟಕ್ಕ ಇಡೀ ಭಾನುವಾರ ಕೂತಿದ್ವಾ?”

ಕೂತದ್ದು ವ್ಯರ್ಥವಾಯಿತು ಎಂದು ನನಗೆ ಅನಿಸುವುದಿಲ್ಲ. ಟಿಕೆಟ್‌ನ ಷರತ್ತು ಅವರಿಗೆ ಬಾಯಿಪಾಠವಾಗಿತ್ತು. ಆ ರಾತ್ರಿ ಆಯಸ್ಸಿನ ಮಾತು ನೆನಪಾದದ್ದು ಅದರಿಂದಲೇ. ನಾನು ಮಾತ್ರ ಒಂದನ್ನು ತಡವಾಗಿ ಕಲಿತೆ. ಹುಡುಗರ ದಿನ ಬದಲಾಗುವುದು ಪರೀಕ್ಷೆಗೆ, ಕೆಲಸಕ್ಕೆ, ಗೆಳೆಯರ ಪ್ರವಾಸಕ್ಕೆ. ನಲವತ್ತರವರ ದಿನ ಬದಲಾಗುವುದು ಊರಿನಿಂದ ಬರುವ ಫೋನಿಗೆ. ಭಾನುವಾರದ ಹಾಳೆಯಲ್ಲಿ ಪ್ರಬಂಧದ ತಾರೀಕು ಇತ್ತು. ಅವ್ವನ ವಯಸ್ಸು, ಮಗಳ ಪರೀಕ್ಷೆ ಇರಲಿಲ್ಲ. ಇದ್ದಿದ್ದರೆ ಸುಳ್ಳು ದಿನವನ್ನು ಜೂನ್‌ಗೆ ಹಾಕುವ ಬದಲು ಮಾರ್ಚ್‌ಗೇ ಹಾಕಿ, ಮಧ್ಯದಲ್ಲಿ ಒಂದು ಸಲ ಬಂದು ಹೋಗುವ ಲೆಕ್ಕ ಮೊದಲೇ ಇಟ್ಟುಕೊಳ್ಳುತ್ತಿದ್ದೆವು.

ಇನ್ನೊಂದು ಸಣ್ಣ ವಿಷಯ, ಯಾರಿಗಾದರೂ ಬೇಕಾದೀತು. ವಾಪಸ್ ಭಾಗ ಬಳಸದೆ ಬಿಡಬೇಕಾದವರು ಅದನ್ನು ಸುಮ್ನೆ ಸಾಯಲು ಬಿಡಬೇಡಿ. ಬ್ರಿಟನ್‌ನಿಂದ ಹೊರಡುವ ಪ್ರಯಾಣಿಕರ ಮೇಲೆ ಅಲ್ಲಿನ ಸರ್ಕಾರ ಏರ್ ಪ್ಯಾಸೆಂಜರ್ ಡ್ಯೂಟಿ ಹಾಕುತ್ತದೆ. 2024-25ರಲ್ಲಿ ಭಾರತದಷ್ಟು ದೂರಕ್ಕೆ ಎಕಾನಮಿಯಲ್ಲಿ ಅದು 88 ಪೌಂಡ್ ಇತ್ತು. ಹಾರದಿದ್ದರೆ ಆ ತೆರಿಗೆ ಕಟ್ಟಬೇಕಾಗಿಲ್ಲ. ಹೊರಡುವ ದಿನಕ್ಕೆ ಮುಂಚೆ ರದ್ದು ಮಾಡಿ, ತೆರಿಗೆ ವಾಪಸ್ ಕೇಳಿ. ಟಿಕೆಟ್ ಮೇಲೆ ‘ರಿಫಂಡ್ ಇಲ್ಲ’ ಎಂದು ಬರೆದಿದ್ದರೂ ಕೇಳಿ ನೋಡಬೇಕು.

ಕಳೆದ ತಿಂಗಳು ಯಾದಗಿರಿಯಿಂದ ಒಬ್ಬರು ಬಂದಿದ್ದರು, ನಲವತ್ತೇಳು ವಯಸ್ಸು. ಸ್ಟೂಡೆಂಟ್ ದರ ಎಷ್ಟಿದೆ ಎಂದು ಕೇಳಿದರು. ಮನೆಯಲ್ಲಿ ಯಾರ‍್ಯಾರಿದ್ದಾರೆ ಎಂದು ನಾನು ಕೇಳಿದೆ.